ಖಾಲಿ ಬಂದೂಕಿನ ಮನೆ

ನಮ್ಮ ಅಡಿಗೆಮನೆಗೆ ಹೊಸದೊಂದು ಗ್ಯಾಸ್ ಲೈಟರ್ ಬಂದಿದೆ. ನೋಡುವುದಕ್ಕೆ ಥೇಟ್ ಪಿಸ್ತೂಲು. ಹಾಲು ಕಾಯಿಸುವುದಕ್ಕೆ ಪಿಸ್ತೂಲು ಯಾಕೆ ಬೇಕು ಎಂದು ಕೇಳಬೇಡಿ, ಅಂಗಡಿಯವನನ್ನು ನಾನೂ ಕೇಳಿಲ್ಲ. ಮೊನ್ನೆ ಅದನ್ನು ಕೈಗೆತ್ತಿಕೊಂಡು ಒಲೆಯ ಹತ್ತಿರ ಹೋಗುತ್ತಿದ್ದಾಗ ಸೊಸೆ ಬಾಗಿಲಲ್ಲಿ ನಿಂತು ನಗತೊಡಗಿದಳು. ‘ಯಾಕೆ ನಗ್ತಿದೀಯ?’ ಅಂದೆ. ‘ಅತ್ತೆ, ನಿಮ್ಮ ಬೆರಳು ನೋಡ್ಕೊಳ್ಳಿ’ ಅಂದಳು. ನೋಡಿಕೊಂಡೆ. ತೋರುಬೆರಳು ಒತ್ತುವ ಜಾಗದಿಂದ ದೂರ ಸರಿದು, ಲೈಟರಿನ ಪಕ್ಕಕ್ಕೆ ನೆಟ್ಟಗೆ ಚಾಚಿಕೊಂಡಿತ್ತು. ಅವಳು ಬಾಗಿಲಲ್ಲಿ ಕಾಣಿಸಿದ ಕೂಡಲೇ ನನ್ನ ಕೈ ನನ್ನನ್ನು ಕೇಳದೆ ಅದರ ಮೂತಿಯನ್ನು ಗೋಡೆಯ ಕಡೆಗೆ ತಿರುಗಿಸಿತ್ತು. ಒಲೆಯ ಮುಂದೆ ಹೋಗಿ, ಬರ್ನರು ನೋಡಿ, ಬರ್ನರಿನ ಹಿಂದೇನಿದೆ ಎಂದೂ ನೋಡಿ, ಆಮೇಲೆ ಬೆರಳು ಇಳಿಸಿದೆ. ಸೊಸೆ ಇದನ್ನು ಮಗನಿಗೆ ಅಭಿನಯಿಸಿ ತೋರಿಸಿದಳು. ಚೆನ್ನಾಗಿಯೇ ತೋರಿಸಿದಳು.

ಈ ರೋಗ ನನಗೆ ಅಪ್ಪನಿಂದ ಬಂದದ್ದು. ಬೇರೆಯವರಿಗೆ ಅಪ್ಪನಿಂದ ಸಕ್ಕರೆ ಕಾಯಿಲೆ ಬರುತ್ತದೆ, ಉದ್ದ ಮೂಗು ಬರುತ್ತದೆ, ಅದೃಷ್ಟವಿದ್ದರೆ ಸೈಟು ಬರುತ್ತದೆ. ನನಗೆ ನೆಟ್ಟಗಿನ ತೋರುಬೆರಳು ಬಂತು.

ಅಪ್ಪ ಸೈನ್ಯದಲ್ಲಿದ್ದವರು ಎಂದುಕೊಂಡಿರಾ? ಇಲ್ಲ. ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಗುಮಾಸ್ತರು. ಕಚ್ಚೆಪಂಚೆ, ಕರಿಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ತಲಘಟ್ಟಪುರದ ಆಚೆ ಅವರಿಗೆ ತಮ್ಮ ಸೋದರಮಾವನಿಂದ ಒಂದು ತುಂಡು ಕಡಲೆಕಾಯಿ ಹೊಲ ಬಂದಿತ್ತು. ಹೊಲಕ್ಕೆ ಕಾಡುಹಂದಿ ಬರುತ್ತಿತ್ತು. ಹಾಗಾಗಿ ಹೊಲದ ಹಿಂದೆಯೇ ಆ ಸೋದರಮಾವನ ಒಂಟಿ ನಳಿಗೆಯ ಬಂದೂಕೂ, ಬಂದೂಕಿನ ಹಿಂದೆ ಲೈಸೆನ್ಸೂ ಬಂದವು. ಆ ಮುದುಕರನ್ನು ನಾವು ಮಕ್ಕಳು ಬೆನ್ನ ಹಿಂದೆ ‘ಹಂದಿತಾತ’ ಎನ್ನುತ್ತಿದ್ದೆವು. ಅವರ ಬಲಗಿವಿಯ ಮೇಲಿನ ಅರ್ಧ ಇರಲಿಲ್ಲ. ವಯಸ್ಸಿನಲ್ಲಿದ್ದಾಗ ಗೆಳೆಯನೊಬ್ಬ ‘ಹೆದರ್ಬೇಡವೋ, ಖಾಲಿ ಇದೆ’ ಎಂದು ನಗುತ್ತಾ ಕುದುರೆ ಎಳೆದಿದ್ದನಂತೆ. ಬಂದೂಕಿನ ಕುದುರೆ ಅಂದರೆ ಬೆರಳಿನಿಂದ ಎಳೆಯುವ ಆ ಕೊಕ್ಕೆ. ಹಂದಿತಾತ ಅಪ್ಪನಿಗೆ ಬಂದೂಕು ಕೊಡುವ ಮೊದಲು ಉಳಿದರ್ಧ ಕಿವಿಯನ್ನು ಮುಟ್ಟಿ ತೋರಿಸಿ ಪಾಠ ಹೇಳಿದರು. ಅಪ್ಪ ಕಚೇರಿಯ ಸುತ್ತೋಲೆಯನ್ನು ಪಾಲಿಸುವವರು. ಇದನ್ನು ಬಿಡುತ್ತಾರೆಯೇ?

ಆಗ ಜಯನಗರ ಇನ್ನೂ ಕಣ್ಣು ಬಿಡುತ್ತಿತ್ತು. ರಸ್ತೆಗಳಿದ್ದವು, ಮನೆಗಳಿರಲಿಲ್ಲ. ಖಾಲಿ ಸೈಟುಗಳಲ್ಲಿ ಲಂಟಾನ ಬೆಳೆದು, ಅದರಲ್ಲಿ ಹಾವೂ ಮುಂಗುಸಿಯೂ ಸಂಸಾರ ಹೂಡಿದ್ದವು. ಬಸವನಗುಡಿಯ ನೆಂಟರು ನಮ್ಮಲ್ಲಿಗೆ ಬರುವಾಗ ಯಾತ್ರೆಗೆ ಹೊರಟವರಂತೆ ಕೂಜದಲ್ಲಿ ನೀರು ತರುತ್ತಿದ್ದರು. ಇಂಥ ಕಾಡಿನಲ್ಲಿ ಒಂದು ಬಂದೂಕು ಇದ್ದದ್ದು ಅವರಿಗೆಲ್ಲ ಸಹಜವಾಗಿ ಕಂಡಿರಬೇಕು. ಅದು ನಮ್ಮ ನಡುಮನೆಯಲ್ಲಿ, ಕೃಷ್ಣನ ಪಟಕ್ಕೂ ಕ್ಯಾಲೆಂಡರಿಗೂ ನಡುವೆ ಎರಡು ಗೂಟಗಳ ಮೇಲೆ ಮಲಗಿತ್ತು.

ಅಪ್ಪ ದಿನಾ ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಅದನ್ನು ಕೆಳಗಿಳಿಸುತ್ತಿದ್ದರು. ಸೊಂಟದಲ್ಲಿ ಮುರಿದಂತೆ ಮಡಚಿ, ಕಿಟಕಿಯ ಬೆಳಕಿಗೆ ಹಿಡಿದು, ನಳಿಗೆಯೊಳಗೆ ಒಂದು ಕಣ್ಣಿಟ್ಟು ಇಣುಕಿ, ಮತ್ತೆ ಗೂಟಕ್ಕೇರಿಸುತ್ತಿದ್ದರು. ಗುಂಡು ತುಂಬಿದ ತೋಟಾಗಳು ಟ್ರಂಕಿನಲ್ಲಿದ್ದವು. ಟ್ರಂಕಿಗೆ ಬೀಗ. ಬೀಗದ ಕೈ ಅಮ್ಮನ ಸೊಂಟದ ಗೊಂಚಲಿನಲ್ಲಿ.

‘ಅಲ್ಲಾರೀ, ತೋಟಾ ಟ್ರಂಕಲ್ಲಿದೆ, ಕೈ ನನ್ನ ಸೊಂಟದಲ್ಲಿದೆ. ರಾತ್ರೋರಾತ್ರಿ ನಿಮ್ಮ ಬಂದೂಕು ಬಸುರಾಗೋದು ಹೇಗೆ?’ ಎಂದು ಅಮ್ಮ ಕೇಳುತ್ತಿದ್ದಳು.

‘ಹಂದಿತಾತನ ಫ್ರೆಂಡೂ ಹೀಗೇ ಅಂದ್ಕೊಂಡಿದ್ದ’ ಎಂದು ಅಪ್ಪ ಶಾಂತವಾಗಿ ಹೇಳುತ್ತಿದ್ದರು. ಆ ಹೆಸರು ಅವರಿಗೂ ಗೊತ್ತಿತ್ತು ಎಂದು ನಮಗೆ ತಿಳಿದದ್ದು ಆಗಲೇ.

‘ಖಾಲಿ ಇದೆ’ ಎಂಬ ಮಾತು ನಮ್ಮ ಮನೆಯಲ್ಲಿ ನಿಷಿದ್ಧ. ಬೇರೆ ಮನೆಗಳಲ್ಲಿ ಮಕ್ಕಳು ಕೆಟ್ಟ ಬೈಗುಳ ಆಡಿ ಏಟು ತಿನ್ನುತ್ತಿದ್ದರು. ನಾನೂ ನನ್ನಣ್ಣನೂ ‘ಖಾಲಿ’ ಎಂದು ಏಟು ತಿಂದವರು. ಬಂದೂಕಿನ ಮಾತು ಬಿಡಿ, ಮಸಿಕುಡಿಕೆ, ಸೀಮೆಎಣ್ಣೆ ಡಬ್ಬ, ಹಾಲಿನ ಪಾತ್ರೆ, ಕಾಫಿ ಫಿಲ್ಟರು, ಯಾವುದನ್ನೂ ತೆರೆದು ನೋಡದೆ ಖಾಲಿ ಅನ್ನುವಂತಿರಲಿಲ್ಲ. ಒಂದು ಸಲ ಅಣ್ಣ ಉಪ್ಪಿನಕಾಯಿ ಜಾಡಿಯನ್ನು ದೂರದಿಂದಲೇ ಖಾಲಿ ಎಂದು ಘೋಷಿಸಿಬಿಟ್ಟ. ಅಪ್ಪ ಅವನನ್ನು ಊಟದ ಎಲೆಯಿಂದ ಎಬ್ಬಿಸಿ ಕಳಿಸಿ, ಮುಚ್ಚಳ ತೆಗೆಸಿ, ಒಳಗೆ ನೋಡಿಸಿದರು. ತಳದಲ್ಲಿ ಒಂದು ಮಾವಿನಹೋಳು ಅಂಟಿಕೊಂಡಿತ್ತು. ಅಪ್ಪನಿಗೆ ಆದ ಸಂತೋಷ ಹೇಳತೀರದು. ಆ ಹೋಳನ್ನು ಎಲೆಯ ತುದಿಯಲ್ಲಿಟ್ಟುಕೊಂಡು ಊಟ ಮುಗಿಯುವವರೆಗೂ ನಮಗೆ ತೋರಿಸಿದರು. ತಿಂಗಳುಗಟ್ಟಲೆ ಯಾವ ಮಾತು ಬಂದರೂ ‘ಆ ಜಾಡಿ ನೆನಪಿದೆಯಲ್ಲ’ ಎನ್ನುತ್ತಿದ್ದರು.

ಇನ್ನು ಯಾವುದರ ಮೂತಿಯನ್ನೂ ಯಾರ ಕಡೆಗೂ ತಿರುಗಿಸಬಾರದು. ಕೊಡೆಯ ತುದಿ ನೆಲಕ್ಕೆ. ಪೆನ್ನಿನ ನಿಬ್ಬು ತನ್ನ ಕಡೆಗೆ. ಸೌಟು ಎತ್ತಿ ಮಾತಾಡುವಂತಿಲ್ಲ. ಅಮ್ಮನ ಈಳಿಗೆಮಣೆಯ ಅಲಗು ಗೋಡೆಗೆ ಮುಖಮಾಡಿರಬೇಕು. ಇದರಿಂದಾಗಿ ಅಮ್ಮ ತನ್ನ ಸಂಸಾರದ ಬಹುಪಾಲು ತರಕಾರಿಯನ್ನು ಗೋಡೆ ನೋಡುತ್ತಾ ಹೆಚ್ಚಿದಳು. ಪಕ್ಕದ ಮನೆಯ ಪದ್ಮಮ್ಮ ಮಧ್ಯಾಹ್ನ ಹರಟೆಗೆ ಬಂದರೆ ಅಮ್ಮನ ಬೆನ್ನಿನ ಜೊತೆಗೇ ಮಾತಾಡಬೇಕು. ‘ನಿಮ್ಮೆಜಮಾನ್ರು ಮಲ್ಕೊಂಡಾಗ ಮೂಗು ಯಾವ ಕಡೆ ಇರುತ್ತೆ ಕಣ್ರೀ?’ ಎಂದು ಪದ್ಮಮ್ಮ ಒಮ್ಮೆ ಕೇಳಿದರು. ‘ಸೂರಿಗೆ’ ಎಂದಳು ಅಮ್ಮ, ಬೀನ್ಸಿನ ಮೇಲಿಂದ ಕಣ್ಣೆತ್ತದೆ. ನಿಜವಾಗಿಯೂ ಅಪ್ಪ ಅಂಗಾತವೇ ಮಲಗುತ್ತಿದ್ದರು.

ದೀಪಾವಳಿಯನ್ನು ಕೇಳಲೇಬೇಡಿ. ಬೀದಿಯ ಹುಡುಗರೆಲ್ಲ ಕೇಪು ಹೊಡೆಯುವ ತಗಡಿನ ಪಿಸ್ತೂಲು ಹಿಡಿದು ಒಬ್ಬರನ್ನೊಬ್ಬರು ಕೊಂದು, ಸತ್ತು, ಮತ್ತೆ ಎದ್ದು ಓಡುತ್ತಿದ್ದರು. ನಮಗೂ ಪಿಸ್ತೂಲು ಕೊಡಿಸಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ನಾವಿಬ್ಬರೂ ಕಾಂಪೌಂಡು ಗೋಡೆಯ ಮುಂದೆ ಸಾಲಾಗಿ ನಿಂತು, ಗೋಡೆಯ ಆಚೆ ಯಾರೂ ಇಲ್ಲವೆಂದು ನೋಡಿಬಂದು, ಅಪ್ಪ ‘ಹೂಂ’ ಅಂದ ಮೇಲೆ ಟಪ್ ಎನ್ನಿಸಬೇಕು. ಆಮೇಲೆ ಪಿಸ್ತೂಲು ಬಿಚ್ಚಿ ತೋರಿಸಬೇಕು. ಒಂದು ವರ್ಷ ಅಪ್ಪ ಬೀದಿಯ ಮಕ್ಕಳನ್ನೂ ಕರೆದು ಸಾಲು ನಿಲ್ಲಿಸಿದರು. ಬೂಂದಿ ಲಾಡು ಕೊಡುತ್ತಾರೆಂದು ಬಂದಿದ್ದ ಮಕ್ಕಳು ಮತ್ತೆ ನಮ್ಮ ಗೇಟಿನ ಕಡೆ ಸುಳಿಯಲಿಲ್ಲ. ಇಡೀ ಜಯನಗರದಲ್ಲಿ ನಮ್ಮಷ್ಟು ಗಂಭೀರವಾಗಿ ದೀಪಾವಳಿ ಆಚರಿಸಿದವರು ಯಾರೂ ಇರಲಿಕ್ಕಿಲ್ಲ, ಶ್ರಾದ್ಧದ ಮನೆಯಲ್ಲೂ ಇಷ್ಟು ಶಿಸ್ತು ನಾನು ಕಂಡಿಲ್ಲ.

ಆಯುಧಪೂಜೆಯ ಫಜೀತಿ ಇನ್ನೊಂದು ತರಹ. ಮನೆಯಲ್ಲಿ ನಿಜವಾದ ಆಯುಧವೇ ಇರುವಾಗ ಅದಕ್ಕೆ ಪೂಜೆ ಮಾಡದಿರುವುದು ಹೇಗೆ? ಅಮ್ಮ ಭಕ್ತಿಯಿಂದ ಅದಕ್ಕೆ ಅರಿಶಿನ ಕುಂಕುಮ ಬಳಿದು, ನಳಿಗೆಯ ಬಾಯಿಗೆ ಒಂದು ದೊಡ್ಡ ಚೆಂಡುಹೂವು ಸಿಕ್ಕಿಸಿದಳು. ಅಪ್ಪ ಹೌಹಾರಿದರು. ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿದ್ದಾಗ ಹೊಡೆದರೆ ನಳಿಗೆಯೇ ಸೀಳಿಹೋಗುತ್ತದಂತೆ. ‘ಹೊಡೆಯೋರು ಯಾರೀಗ?’ ಅಂದಳು ಅಮ್ಮ. ಪುರೋಹಿತರು ಬಂದು ಬಂದೂಕಿನ ಎದುರು ಕೂತು ಅರ್ಚನೆ ಶುರುಮಾಡಿದಾಗ ಅಪ್ಪ ಅವರನ್ನು ಮಣೆಸಮೇತ ಪಕ್ಕಕ್ಕೆ ಎಳೆದರು. ದೇವರ ಎದುರು ಕೂರದೆ ಪಕ್ಕದಲ್ಲಿ ಕೂತು ಪೂಜೆ ಮಾಡುವುದು ಯಾವ ಶಾಸ್ತ್ರದಲ್ಲಿದೆ ಎಂದು ಅವರು ಕೇಳಿದರು. ‘ಈ ದೇವರಿಗೆ ಇದೇ ಶಾಸ್ತ್ರ’ ಎಂದರು ಅಪ್ಪ. ಮಂಗಳಾರತಿಗೆ ನಾವೆಲ್ಲ ಬಂದೂಕಿನ ಹಿಂಬದಿಯಲ್ಲಿ ನಿಂತು ಕೈಮುಗಿದೆವು. ಮುಂದಿನ ವರ್ಷದಿಂದ ಆ ಪುರೋಹಿತರಿಗೆ ಆ ದಿನ ಬೇರೆಲ್ಲೋ ಕೆಲಸವಿರುತ್ತಿತ್ತು.

ಇಷ್ಟೆಲ್ಲ ಆಯಿತಲ್ಲ, ಹಂದಿ ಎಷ್ಟು ಹೊಡೆದರು ಎಂದು ನೀವು ಕೇಳುತ್ತೀರಿ. ಒಂದೂ ಇಲ್ಲ. ಗುರಿಯ ಹಿಂದೇನಿದೆ ಎಂದು ತಿಳಿಯದೆ ಗುಂಡು ಹಾರಿಸಬಾರದು ಎಂದು ಹಂದಿತಾತ ಹೇಳಿದ್ದರು. ನಮ್ಮ ದೇಶದಲ್ಲಿ ಯಾವುದರ ಹಿಂದೆ ಏನಿರುವುದಿಲ್ಲ? ಹಂದಿಯ ಹಿಂದೆ ಬೇಲಿ, ಬೇಲಿಯ ಹಿಂದೆ ಪಕ್ಕದವರ ಹಸು, ಹಸುವಿನ ಹಿಂದೆ ಮುನೇಶ್ವರನ ಗುಡಿ, ಗುಡಿಯ ಹಿಂದೆ ಬಯಲಿಗೆ ಕೂತ ಯಾರೋ ಒಬ್ಬ. ಅಪ್ಪ ಇವರೆಲ್ಲರನ್ನೂ ನೋಡಿ ಮುಗಿಸುವಷ್ಟರಲ್ಲಿ ಹಂದಿ ಕಡಲೆಕಾಯಿ ತಿಂದು ಮುಗಿಸಿ ಹೋಗಿರುತ್ತಿತ್ತು. ‘ಸ್ವಾಮಿ, ನೀವು ಬರೋ ಭಾನ್ವಾರ ನೋಡ್ಕಂಡೇ ಬತ್ತವೆ ಅವು. ನಿಮ್ಮನ್ನ ಕಂಡ್ರೆ ಅವಕ್ಕೆ ಧೈರ್ಯ’ ಎಂದು ಪಕ್ಕದ ಹೊಲದವನು ಹೇಳಿದ್ದನ್ನು ಅಪ್ಪ ಸ್ವತಃ ಮನೆಗೆ ಬಂದು ಹೆಮ್ಮೆಯಿಂದ ವರದಿ ಮಾಡಿದರು.

ಆ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಮುಳ್ಳುತಂತಿಯ ಬೇಲಿ ದಾಟಬೇಕಿತ್ತು. ಬಂದೂಕನ್ನು ಮೊದಲು ನೆಲಕ್ಕಿಟ್ಟು, ಕೈ ಬರಿದು ಮಾಡಿಕೊಂಡು ದಾಟಿ, ಆಮೇಲೆ ಅದನ್ನು ಎತ್ತಿಕೊಳ್ಳಬೇಕು. ಇದು ಅಪ್ಪನ ಮೈಗೆ ಎಷ್ಟು ಹತ್ತಿತೆಂದರೆ ಸಾರಕ್ಕಿ ಸಂತೆಯಿಂದ ತಂದ ಸೊಪ್ಪಿನ ಚೀಲವನ್ನೂ ನಮ್ಮ ಮನೆಯ ಹೊಸಿಲಿನ ಹೊರಗೆ ಇಟ್ಟು, ತಾವು ದಾಟಿ, ತಿರುಗಿ ಬಗ್ಗಿ ಅದನ್ನು ಒಳಗೆತ್ತಿಕೊಳ್ಳುತ್ತಿದ್ದರು. ಬೀದಿಯ ಹಸುವೊಂದು ಒಂದು ಸಲ ಆ ನಡುವಿನ ಕ್ಷಣವನ್ನು ಚೆನ್ನಾಗಿ ಬಳಸಿಕೊಂಡಿತು.

ನಗುತ್ತಾ ನಗುತ್ತಾ ಇದೆಲ್ಲ ನನ್ನ ಮೈಗೂ ಇಳಿದಿತ್ತು. ನನಗದು ಗೊತ್ತಿರಲಿಲ್ಲ. ಗೊತ್ತಾದದ್ದು ನನ್ನನ್ನು ನೋಡುವುದಕ್ಕೆ ಗಂಡಿನ ಕಡೆಯವರು ಬಂದ ದಿನ.

ಆಗ ಅರವತ್ತರ ದಶಕ ನಡೆಯುತ್ತಿತ್ತು. ಅಣ್ಣ ಕೆಲಸ ಸಿಕ್ಕಿ ಭದ್ರಾವತಿಗೆ ಹೋಗಿದ್ದ. ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ, ಅಂದರೆ ಎಲ್ಲರ ಕಣ್ಣಿಗೂ ಬೀಳುತ್ತಿದ್ದೆ. ಅದಕ್ಕೆ ಮುಂಚೆ ಬಂದ ಒಂದು ಸಂಬಂಧ ಜಾತಕದಲ್ಲಿ, ಇನ್ನೊಂದು ನನ್ನ ಬಣ್ಣದಲ್ಲಿ ಮುರಿದಿತ್ತು. ಈ ಸಂಬಂಧ ತಂದವರು ಪದ್ಮಮ್ಮ. ಹುಡುಗ ಬಸವನಗುಡಿಯವನು, ಇಂಜಿನಿಯರು, ತಂದೆ ಇಲ್ಲ. ತಾಯಿ ಇದ್ದಾರೆ, ತಾಯಿಯ ಅಣ್ಣ ಇದ್ದಾರೆ. ಈ ಅಣ್ಣ ವಕೀಲರು. ‘ಅವ್ರು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ. ಮಿಕ್ಕೋರ್ದೆಲ್ಲ ಬರೀ ತಲೆ ಅಲ್ಲಾಡ್ಸೋ ಕೆಲ್ಸ’ ಎಂದು ಪದ್ಮಮ್ಮ ಮೊದಲೇ ತಿಳಿಸಿದ್ದರು.

ಬೆಳಗಿನಿಂದ ಮನೆಯಲ್ಲಿ ಗದ್ದಲ. ಅಮ್ಮ ಬಂದೂಕನ್ನು ರೂಮಿನಲ್ಲಿ ಅಡಗಿಸಿಬಿಡಿ ಎಂದಳು. ಅಪ್ಪ ಆಗಲಿ ಎಂದು ಹೊರಟಿದ್ದರು. ಪದ್ಮಮ್ಮ ಅಡ್ಡ ಬಂದು, ಇರಲಿ ಬಿಡಿ, ಗೋಡೆಗೆ ಗತ್ತು, ಮನೆತನಕ್ಕೂ ಗತ್ತು ಎಂದರು. ಅಮ್ಮ ಅಪ್ಪನ ಮುಂದೆ ನಿಂತು, ‘ಕೈಮುಗೀತೀನಿ, ಇವತ್ತೊಂದು ದಿನ ಯಾರಿಗೂ ಪಾಠ ಹೇಳ್ಬೇಡಿ. ಅವ್ರು ಕೊಡೆ ಹ್ಯಾಗಾದ್ರೂ ಹಿಡ್ಕೊಳ್ಳಿ, ಕೈ ಹ್ಯಾಗಾದ್ರೂ ಆಡಿಸ್ಲಿ’ ಎಂದಳು.

‘ನನಗಷ್ಟು ಗೊತ್ತಾಗಲ್ವೇನೆ?’ ಎಂದರು ಅಪ್ಪ.

ಬಂದರು. ವಕೀಲ ಮಾವನವರದು ದೊಡ್ಡ ದೇಹ, ಅದಕ್ಕಿಂತ ದೊಡ್ಡ ದನಿ. ಕೊಡೆಯನ್ನು ಕಂಕುಳಲ್ಲಿ ಅಡ್ಡಲಾಗಿ ಸಿಕ್ಕಿಸಿಕೊಂಡು ಒಳಗೆ ಬಂದರು. ಅದರ ಹಿತ್ತಾಳೆಯ ತುದಿ ಮೊದಲು ಪದ್ಮಮ್ಮನ ಕಡೆಗೆ, ಆಮೇಲೆ ಅಮ್ಮನ ಕಡೆಗೆ, ಕೊನೆಗೆ ಕೃಷ್ಣನ ಪಟದ ಕಡೆಗೆ ತಿರುಗಿತು. ಅಪ್ಪನ ಎಡಗಣ್ಣು ಅದುರುವುದನ್ನು ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ನೋಡಿದೆ. ಆದರೆ ಅವರು ಮಾತಾಡಲಿಲ್ಲ. ‘ಏನು ರಾಯರೇ, ಇಲ್ಲಿ ಬರೋಷ್ಟ್ರಲ್ಲಿ ಅರ್ಧ ಆಯುಸ್ಸು ಮುಗೀತು. ಇದು ಬೆಂಗ್ಳೂರೇನಾ, ಇಲ್ಲ ಕನಕಪುರವೇ ಬಂದ್ಬಿಡ್ತಾ?’ ಎಂದು ವಕೀಲ ಮಾವ ಗಹಗಹಿಸಿದರು. ಅಪ್ಪನೂ ನಕ್ಕರು. ಕೇಳಿದವರಿಗೆ ಅಪ್ಪನಿಗೆ ನಿಜವಾಗಿಯೂ ನಗು ಬಂದಿದೆ ಎನ್ನಿಸಬೇಕು, ಹಾಗೆ ನಕ್ಕರು.

ಹುಡುಗನ ಬಗ್ಗೆ ಹೇಳಬೇಕು. ಚಪ್ಪಲಿಯನ್ನು ಜೊತೆಯಾಗಿ ಜೋಡಿಸಿಟ್ಟು ಒಳಗೆ ಬಂದ. ಅವನ ತಾಯಿ ಹಾಡು ಹೇಳಮ್ಮ ಎಂದಾಗ ನಾನು ಹಾಡಿದೆ. ಎರಡನೆಯ ಸಾಲಿಗೇ ಶ್ರುತಿ ನನ್ನನ್ನು ಬಿಟ್ಟು ಹೊರಟುಹೋಯಿತು. ಅವನು ತಲೆ ತಗ್ಗಿಸಿ ಜಮಖಾನದ ಅಂಚು ನೋಡುತ್ತಾ ನಗು ತಡೆದುಕೊಂಡ. ತಡೆದುಕೊಂಡಾಗ ಕೆನ್ನೆಯಲ್ಲಿ ಗುಳಿ ಬಿತ್ತು. ನನಗೆ ಆಗಿನ ವಯಸ್ಸಿಗೆ ಅಷ್ಟು ಸಾಕಾಗಿತ್ತು. ಜೀವಮಾನದ ನಿರ್ಧಾರವನ್ನು ಒಂದು ಗುಳಿಯ ಮೇಲೆ ಕಟ್ಟಬಹುದೇ ಎಂದು ನೀವು ಕೇಳಬಹುದು. ಜಾತಕದ ಮೇಲೆ ಕಟ್ಟುವವರನ್ನು ಮೊದಲು ಕೇಳಿ ಬನ್ನಿ. ಈ ಹುಡುಗ ನನಗೆ ಬೇಕು ಎಂದು ನಾನು ಕೇಸರಿಬಾತಿನ ತಟ್ಟೆಗಳನ್ನು ತರಲು ಒಳಗೆ ಹೋಗುವಾಗಲೇ ತೀರ್ಮಾನ ಮಾಡಿಕೊಂಡಿದ್ದೆ.

ಎರಡನೆಯ ಸಲ ಬಡಿಸುವುದಕ್ಕೆಂದು ದೊಡ್ಡ ತಟ್ಟೆ ಹಿಡಿದು ಹೊರಗೆ ಬರುವಷ್ಟರಲ್ಲಿ ವಕೀಲ ಮಾವ ಗೋಡೆಯ ಹತ್ತಿರ ನಿಂತಿದ್ದರು. ‘ಓಹೋ, ಹುಲಿ ಗಿಲಿ ಬರ್ತವೇನ್ರೀ ಇಲ್ಲಿ?’ ಎನ್ನುತ್ತಾ ಬಂದೂಕನ್ನು ಕೆಳಗಿಳಿಸಿದರು. ಕೈಯಲ್ಲಿ ತೂಗಿದರು. ಹೆಗಲಿಗೇರಿಸಿ ಕಿಟಕಿಯ ಕಡೆ ಗುರಿಯಿಟ್ಟರು, ಕ್ಯಾಲೆಂಡರಿಗೆ ಗುರಿಯಿಟ್ಟರು. ಪದ್ಮಮ್ಮನ ಕಡೆ ತಿರುಗಿಸಿದಾಗ ಅವರು ‘ಅಯ್ಯೋ’ ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕಿಲಕಿಲ ನಕ್ಕರು. ನಕ್ಕದ್ದು ಮಾವನವರಿಗೆ ಹುಮ್ಮಸ್ಸು ತಂದಿತು. ತಿರುಗಿ ನಿಂತು ನಳಿಗೆಯ ಬಾಯನ್ನು ಅಪ್ಪನ ಎದೆಗೇ ಹಿಡಿದರು. ಬೆರಳು ಕುದುರೆಯ ಮೇಲಿತ್ತು.

‘ಏನ್ ರಾಯರೇ, ವರೋಪಚಾರ ನಾವ್ ಕೇಳ್ದಂಗೆ ಆಗ್ಬೇಕು. ಏನಂತೀರಿ?’

ಎಲ್ಲರೂ ನಕ್ಕರು. ಹುಡುಗನ ತಾಯಿ ನಕ್ಕರು, ಅಮ್ಮನೂ ಹೇಗೋ ನಕ್ಕಳು. ಹುಡುಗ ಕೇಸರಿಬಾತಿನಲ್ಲಿ ಗೋಡಂಬಿ ಹುಡುಕುತ್ತಿದ್ದ. ನಾನು ಅಪ್ಪನನ್ನೇ ನೋಡುತ್ತಿದ್ದೆ. ಉಪ್ಪಿನಕಾಯಿ ಜಾಡಿಯನ್ನು ಖಾಲಿ ಎಂದದ್ದಕ್ಕೆ ಮಗನನ್ನು ಎಲೆಯಿಂದ ಎಬ್ಬಿಸಿದ ಅಪ್ಪ. ಪುರೋಹಿತರನ್ನು ಮಣೆಸಮೇತ ಎಳೆದ ಅಪ್ಪ. ಈಗ ಅವರು ಎರಡು ಕೈಯನ್ನೂ ಜೋಡಿಸಿ, ಹಲ್ಲು ಕಾಣುವಂತೆ ನಗುತ್ತಾ ಹೇಳಿದರು.

‘ಪರವಾಗಿಲ್ಲ ಬಿಡಿ ಸಾರ್. ಖಾಲಿ ಇದೆ.’

ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎಂದು ಹೇಳುವುದಕ್ಕಿಂತ ನನ್ನ ಮೈ ಮಾಡಿತು ಎನ್ನಬೇಕು. ಮೊದಲು ಕೇಸರಿಬಾತಿನ ತಟ್ಟೆಯನ್ನು ಬಗ್ಗಿ ನೀಟಾಗಿ ನೆಲದ ಮೇಲಿಟ್ಟೆ. ಆ ಗಾಬರಿಯಲ್ಲೂ ಕೈ ಬರಿದು ಮಾಡಿಕೊಂಡೇ ಮುಂದೆ ಹೆಜ್ಜೆಯಿಟ್ಟೆ ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆಮೇಲೆ, ‘ನಳಿಗೆ ಮೇಲಕ್ಕೆ! ಬೆರಳು ತೆಗೀರಿ ಮೊದ್ಲು!’ ಎಂದು ಕೂಗಿದೆ. ಆ ದನಿ ಎಲ್ಲಿತ್ತೋ ಕಾಣೆ. ಹಾಡುವಾಗಲಂತೂ ಬಂದಿರಲಿಲ್ಲ. ನಳಿಗೆಯನ್ನು ಅಂಗೈಯಿಂದ ಸೂರಿನ ಕಡೆಗೆ ತಳ್ಳಿ, ಮಾವನವರ ಕೈಯಿಂದ ಬಂದೂಕು ಬಿಡಿಸಿಕೊಂಡು, ಮಡಚಿ ಒಳಗೆ ನೋಡಿ, ಅವರಿಗೂ ತೋರಿಸಿ, ಮೂಲೆಗೆ ಒರಗಿಸಿ ನಿಂತೆ. ಅದರೊಳಗೆ ಏನೂ ಇರಲಿಲ್ಲ.

ಹುಡುಗ ಈಗ ತಲೆ ಎತ್ತಿದ್ದ. ನನ್ನನ್ನು ನೋಡಿದ, ಮಾವನನ್ನು ನೋಡಿದ, ಮತ್ತೆ ತಲೆ ತಗ್ಗಿಸಿದ. ವಕೀಲ ಮಾವನವರ ಮುಖ ಕುಂಕುಮವಾಗಿತ್ತು. ‘ಹುಡುಗೀನ ಸಂಸಾರಕ್ಕೆ ಕೊಡೋದಕ್ಕಿಂತ ಪೊಲೀಸಿಗೆ ಸೇರಿಸೋದು ವಾಸಿ ರಾಯರೇ’ ಎಂದು ಹೇಳಿ ಕೊಡೆ ಎತ್ತಿಕೊಂಡರು. ಕಾಫಿ ಯಾರೂ ಕುಡಿಯಲಿಲ್ಲ.

ಅವರು ಗೇಟು ದಾಟುವುದನ್ನೇ ಕಾದಿದ್ದು ಅಮ್ಮ ಅಪ್ಪನ ಮೇಲೆ ಹರಿಹಾಯ್ದಳು. ‘ಒಂದು ಹಂದಿಗೂ ತಾಗದ ಬಂದೂಕು, ಸರಿಯಾಗಿ ಮಗಳ ಮದುವೆಗೆ ತಾಗ್ತು! ಸಮಾಧಾನ ಆಯ್ತೇನ್ರೀ?’ ಎಂದು ಕಣ್ಣೀರು ಹಾಕಿದಳು. ಅಪ್ಪ ಬಂದೂಕನ್ನು ಮೂಲೆಯಿಂದ ಎತ್ತಿ ಗೂಟಕ್ಕೇರಿಸಿದರು. ನನ್ನ ಕಡೆ ತಿರುಗಿ, ‘ಹಿರಿಯರ ಮೇಲೆ ಹಾಗೆ ಕೂಗ್ತಾರೇನಮ್ಮ?’ ಎಂದಷ್ಟೇ ಕೇಳಿದರು. ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಕೂಗುವುದಕ್ಕೆ ಕಲಿಸಿದವರೇ ಅವರು. ಆ ರಾತ್ರಿ ನಾನು ಊಟ ಮಾಡಲಿಲ್ಲ. ಕೇಸರಿಬಾತು ತುಂಬ ಉಳಿದಿತ್ತು.

ಕೆಲವು ದಿನ ಕಳೆದು ಪದ್ಮಮ್ಮ ಮುಖ ಅರಳಿಸಿಕೊಂಡು ಬಂದರು. ಸಂಬಂಧ ಪೂರ್ತಿ ಮುರಿದಿಲ್ಲವಂತೆ. ಹುಡುಗ ಮನೆಯಲ್ಲಿ ಏನೋ ಗೊಣಗಿದನಂತೆ, ತಾಯಿಗೂ ಮನಸ್ಸಿದೆಯಂತೆ. ಆದರೆ ವಕೀಲ ಮಾವನವರಿಗೆ ಅವಮಾನವಾಗಿದೆ. ತಂದೆ ಮಗಳು ಇಬ್ಬರೂ ಅವರ ಮನೆಗೆ ಹೋಗಿ, ಹಣ್ಣು ಕೊಟ್ಟು, ಕಾಲಿಗೆ ನಮಸ್ಕಾರ ಮಾಡಿ ತಪ್ಪಾಯಿತು ಎಂದರೆ ಮುಂದಿನ ಮಾತು. ‘ಇಷ್ಟೇ ತಾನೇ? ದೊಡ್ಡೋರ ಕಾಲಿಗೆ ಬಿದ್ರೆ ಕಿರೀಟ ಬೀಳುತ್ತಾ?’ ಎಂದರು ಪದ್ಮಮ್ಮ. ಗೊಣಗಿದ ಎಂಬ ಒಂದು ಮಾತು ಸಾಕಾಯಿತು ನನಗೆ. ಗುಳಿ ಬಿದ್ದ ಕೆನ್ನೆಯಿಂದ ಅವನು ಹೇಗೆ ಗೊಣಗಿರಬಹುದು ಎಂದು ಎರಡು ದಿನ ಯೋಚಿಸಿದೆ. ಹೋಗುತ್ತೇನೆ ಎಂದೆ. ಅಮ್ಮ ನನ್ನ ತಲೆಗೆ ಹೂ ಮುಡಿಸಿದಳು.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿ, ಸೇಬು, ಮೂಸಂಬಿ ತುಂಬಿದ ಚೀಲ ಹಿಡಿದು ಹೊರಟರು. ಆ ಕಾಲಕ್ಕೆ ಸೇಬು ಕಾಯಿಲೆಯವರಿಗೆ ಮತ್ತು ಬೀಗರಿಗೆ ಮಾತ್ರ. ಬಸ್ ಸ್ಟಾಪಿನ ಆಲದಮರದ ಕೆಳಗೆ ನಿಂತ ಮೇಲೆ ಅಪ್ಪ ತಾವಾಗಿಯೇ ಹೇಳಿದರು.

‘ಆವತ್ತು ಬೆಳಿಗ್ಗೆ ನಾನು ಬಂದೂಕು ತೆಗೆದು ನೋಡಿರ್ಲಿಲ್ಲ ಕಣಮ್ಮ. ಜಮಖಾನ ಹಾಸ್ಬೇಕು ಅಂತ ನಿಮ್ಮಮ್ಮ ಕರೆದ್ಲು. ಮರೆತೇ ಹೋಯ್ತು.’

‘ಮತ್ತೆ ಖಾಲಿ ಇದೆ ಅಂದ್ರಲ್ಲ ಅಪ್ಪ?’

‘ಇನ್ನೇನಂತ ಹೇಳ್ಲಿ? ಹೆಣ್ಣಿನ ಕಡೆಯೋರು ನಾವು.’

‘ನಿಮಗೆ ಹೆದರಿಕೆ ಆಗ್ಲಿಲ್ವಾ?’

‘ಆಯ್ತು. ಆದ್ರೆ ನೀನು ಆ ಹುಡುಗನ್ನ ನೋಡಿದ್ದನ್ನ ನಾನು ನೋಡಿದ್ದೆ.’

ದೂರದಲ್ಲಿ ಬಸ್ಸು ಧೂಳೆಬ್ಬಿಸಿಕೊಂಡು ತಿರುಗುತ್ತಿತ್ತು. ನಾನು ಕೇಳಿದೆ, ‘ಇವತ್ತು ಅವ್ರ ಮನೇಲಿ ಆ ಮಾವ ಮತ್ತೇನಾದ್ರೂ ತಮಾಷೆ ಮಾಡಿದ್ರೆ ಏನ್ಮಾಡ್ತೀರಿ?’

‘ನಗ್ತೀನಿ.’

‘ಮದುವೇಲಿ ಮಾಡಿದ್ರೆ?’

‘ನಗ್ತೀನಿ.’

‘ಆಮೇಲೆ?’

ಅಪ್ಪ ಕನ್ನಡಕ ತೆಗೆದು ಕೋಟಿನ ತುದಿಯಿಂದ ಒರೆಸಿಕೊಂಡರು. ‘ಅಭ್ಯಾಸ ಆಗುತ್ತೆ ಬಿಡಮ್ಮ. ಎಲ್ಲದೂ ಅಭ್ಯಾಸ ಆಗುತ್ತೆ’ ಎಂದರು.

ಬಸ್ಸು ಬಂದು ನಿಂತಿತು. ಕಂಡಕ್ಟರ್ ‘ಹತ್ತಿ ಯಜಮಾನ್ರೇ’ ಎಂದ. ಅಪ್ಪ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು. ನಾನು ಅವರ ಕೈಯಿಂದ ಹಣ್ಣಿನ ಚೀಲ ಕಿತ್ತುಕೊಂಡು ಮನೆಯ ಕಡೆಗೆ ನಡೆಯತೊಡಗಿದೆ. ಹಿಂದೆ ಬಸ್ಸು ಹೊರಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅಪ್ಪನ ಚಪ್ಪಲಿಯ ಸದ್ದೂ ಕೇಳಿಸಿತು. ನಾನು ತಿರುಗಿ ನೋಡಲಿಲ್ಲ. ನನಗೆ ಅಳು ಬರುತ್ತಿತ್ತು.

ಬಾಗಿಲು ತೆರೆದ ಅಮ್ಮ ನಮ್ಮಿಬ್ಬರನ್ನೂ ಹಣ್ಣಿನ ಚೀಲವನ್ನೂ ನೋಡಿ, ‘ಇದೇನ್ರೀ, ಹೋಗ್ಲೇ ಇಲ್ವಾ?’ ಎಂದಳು.

‘ಇವಳಿಗೆ ಆ ಹುಡುಗ ಬೇಡ್ವಂತೆ’ ಎಂದರು ಅಪ್ಪ, ಕೋಟು ಬಿಚ್ಚುತ್ತಾ.

ಸುಳ್ಳು ಹೇಳಿದರು. ಹುಡುಗ ನನಗೆ ಬೇಕಾಗಿದ್ದ. ಅಪ್ಪ ಇನ್ನೊಂದು ಸಲ ಯಾರ ಮುಂದೆಯೂ ಹಾಗೆ ನಗುವುದು ಮಾತ್ರ ನನಗೆ ಬೇಡವಾಗಿತ್ತು.